ಮೈಕಿನ ಕೇಳದ ಕಿವಿ

ಹನುಮಂತರಾಯಪ್ಪ ಮಾವನವರಿಗೆ,
ದೊಡ್ಡಬಳ್ಳಾಪುರದಿಂದ ಚಂದನ ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ನೀವು "ಹೂಂ, ಹೂಂ" ಎನ್ನುತ್ತೀರಿ, ಕೇಳಿಸಿರುವುದು ಮಾತ್ರ ಏನೂ ಇಲ್ಲ. ಮಗ್ಗ ರಿಪೇರಿ ಕೆಲಸ ಬಿಟ್ಟು ಸೂಲಿಬೆಲೆಯ ಮಗಳ ಮನೆ ಸೇರಿದ ಮೇಲೆ ಬಲಗಿವಿಯೂ ಮಂದವಾಗುತ್ತಿದೆ ಎಂದು ನಿಮ್ಮ ಮಗಳು ರೂಪಳೇ ಹೇಳಿದಳು. ಅದಕ್ಕೇ ಈ ಕಾಗದ.

ಅಮ್ಮನ ಕತ್ತಿನ ಗಡ್ಡೆಯ ಆಪರೇಷನ್ ಚೆನ್ನಾಗಿ ಆಯಿತು. ದನಿ ದಪ್ಪವಾಗಿದೆ. ನನ್ನನ್ನು ಬೈಯುವುದಕ್ಕೆ ಏನೂ ತೊಂದರೆಯಿಲ್ಲ, ಆದರೆ ಹಾಡಲು ಹೋದರೆ ಮೇಲಿನ ಸ್ವರ ಹತ್ತುತ್ತಿಲ್ಲ. ಮರಳಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆ ಮಾತು ಕೇಳಿಯೇ ನಾನು ಮೈಕ್ ತಂದದ್ದು. ಅಜ್ಜಿ ಕಲಿಸಿದ ಸೋಬಾನೆ ಪದಗಳು ಅಮ್ಮನ ಬಾಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಆಸ್ಪತ್ರೆಗೆ ಸೇರಲು ನಾಲ್ಕೇ ದಿನವಿತ್ತು. ಮೂರು ದಿನ ರೆಕಾರ್ಡ್ ಮಾಡಿದೆ, ಮೂರು ದಿನವೂ ಪಕ್ಕದ ಮನೆಯ ಮಗ್ಗವೇ ಹಾಡಿತು. ಕಿಟಕಿ ಮುಚ್ಚಿದೆ, ಫ್ಯಾನ್ ನಿಲ್ಲಿಸಿದೆ, ಅಮ್ಮ ಬೆವರಿ ತೊಪ್ಪೆಯಾದಳು. ಒಂದು ಮಗ್ಗ ನಿಲ್ಲಿಸಿ ಎಂದು ಬೇಡಿಕೊಂಡರೂ ನಮ್ಮ ಬೀದಿಯಲ್ಲಿ ಇನ್ನೆಂಟು ಓಡುತ್ತಿರುತ್ತವೆ. ಅಳು ಬಂತು.

ನಾಲ್ಕನೇ ದಿನ ನೀವು ಬೀದಿ ಕೊನೆಯ ಮನೆಯ ಮಗ್ಗ ರಿಪೇರಿಗೆ ಬಂದವರು ಕಾಫಿಗೆಂದು ಒಳಗೆ ಬಂದಿರಿ. ನನ್ನ ಮುಖ ನೋಡಿ ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡಿರಿ.

"ಇದ್ರ ಮುಖ ಯಾವ್ ಕಡೆ ಐತಮ್ಮಾ?"

ಇದೆಂಥ ಪ್ರಶ್ನೆ ಎಂದುಕೊಂಡೆ. ಭಾಷಣದ ಮೈಕಿನ ಹಾಗೆ ಅದರ ತಲೆಯನ್ನೇ ಅಮ್ಮನ ಬಾಯಿಗೆ ಹಿಡಿದಿದ್ದೆನಲ್ಲ! ನೀವು ಮೈಕಿನ ಸುತ್ತ ಚಿಟಿಕೆ ಹೊಡೆಯುತ್ತಾ ಬಂದಿರಿ. ಕಂಪನಿಯ ಗುರುತಿದ್ದ ಬದಿಯಲ್ಲಿ ಜೋರು, ಬೆನ್ನ ಕಡೆ ಹೆಚ್ಚುಕಡಿಮೆ ಏನೂ ಇಲ್ಲ. ಆ ಗುರುತನ್ನು ನಾನು ಮೂರು ದಿನ ಕಿಟಕಿಗೆ, ಅಂದರೆ ಮಗ್ಗಕ್ಕೇ ತೋರಿಸಿ ಕೂರಿಸಿದ್ದೆ. ನೀವು ನಕ್ಕುಬಿಟ್ಟಿರಿ.

"ಇದೂ ನನ್ ತರಾನೇ ಕಣಮ್ಮಾ, ಒಂದ್ ಕಡೆ ಕಿವುಡು. ಕೇಳ್ದಿರೋ ಕಡೇನ ಮಗ್ಗಕ್ಕೆ ಕೊಡು, ಕೇಳೋ ಕಡೇನ ನಿಮ್ಮಮ್ಮಂಗೆ ಕೊಡು."

ನಮ್ಮ ಮನೆಗೆ ಬಂದಾಗಲೆಲ್ಲ ನೀವು ಅದೇ ಕುರ್ಚಿಯನ್ನು ಹುಡುಕಿ, ಎಡಭುಜ ಕಿಟಕಿಗೆ ಕೊಟ್ಟು ಕೂರುತ್ತಿದ್ದುದು ಏಕೆಂದು ನನಗೆ ಆಗ ತಿಳಿಯಿತು. ನಲವತ್ತು ವರ್ಷ ಮಗ್ಗಗಳ ಪಕ್ಕ ತಲೆಯಿಟ್ಟು ಎಡಗಿವಿ ಹೋಗಿತ್ತು. ನಾನೋ, ಗಾಳಿಗಾಗಿ ಅಲ್ಲಿ ಕೂರುತ್ತೀರಿ ಎಂದುಕೊಂಡಿದ್ದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅಮ್ಮನ ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇಟ್ಟಿರಿ. ಅವಳ ಹಿಂದಿನ ಗೋಡೆಗೆ ಕಂಬಳಿ ಇಳಿಬಿಟ್ಟಿರಿ. ಆದರೂ ಅಮ್ಮ ಫೋಟೊಗೆ ನಿಂತವಳ ಹಾಗೆ ಬಿಗಿದುಕೊಂಡೇ ಇದ್ದಳು. ಕೈ ಖಾಲಿಯಿದ್ದರೆ ಅವಳಿಗೆ ಹಾಡು ಬರುವುದಿಲ್ಲ, ಅದು ನಿಮಗೆ ಹೇಗೆ ಹೊಳೆಯಿತೋ! ಹೆಗಲ ಮೇಲಿನ ಟವೆಲನ್ನು ಅವಳ ಮಡಿಲಿಗೆ ಹಾಕಿ, "ಮಡಚ್ತಾ ಹಾಡು ತಾಯಿ" ಎಂದಿರಿ. ಅದೊಂದು ಟವೆಲನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಅಮ್ಮ ಹನ್ನೊಂದು ಪದ ಹಾಡಿದಳು. ಮಗ್ಗ ಪೂರ್ತಿ ಹೋಗಿಲ್ಲ, ಎರಡು ಬೀದಿ ಆಚೆಗೆ ಸರಿದಿದೆ, ಅಷ್ಟೆ. ಇರಲಿ ಬಿಡಿ, ಅದೂ ನಮ್ಮೂರಿನದೇ.

ನಿನ್ನೆ ಅಮ್ಮನಿಗೆ ಕೇಳಿಸಿದೆ. ಹನ್ನೊಂದೂ ಮುಗಿಯುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ ಮೊದಲ ಮಾತು, "ಹನುಮಂತಣ್ಣಂಗೆ ಕೇಳಿಸ್ದೇನೇ?"

ಇಲ್ಲ ಮಾವ, ಕೇಳಿಸಿಲ್ಲ. ಅವತ್ತು ನೀವು "ಆಮೇಲ್ ಕೇಳ್ತೀನಿ" ಎಂದು ಸ್ಪ್ಯಾನರ್ ಎತ್ತಿಕೊಂಡು ಹೊರಟಿರಿ. ಆ ಆಮೇಲೆ ಈಗ ಬಂದಿದೆ, ತಡ ಮಾಡಬೇಡಿ. ಈ ಭಾನುವಾರವೇ ರೂಪಳ ಜೊತೆ ಬನ್ನಿ. ನಿಮ್ಮ ಕುರ್ಚಿ ಅಲ್ಲೇ ಇದೆ. ಬಲಗಡೆ ಅಮ್ಮ ಕೂರುತ್ತಾಳೆ, ನಿಮ್ಮ ಟವೆಲನ್ನು ಒಗೆದು ಮಡಚಿಟ್ಟುಕೊಂಡಿದ್ದಾಳೆ. ಹನ್ನೊಂದು ಪದವನ್ನೂ ನೀವು ಕೇಳಬೇಕು.

ನಿಮ್ಮ ಬಲಗಿವಿ ನೂರು ಕಾಲ ಚೆನ್ನಾಗಿರಲಿ.

ನಿಮ್ಮ ಋಣ ತೀರಿಸಲಾಗದ ಸೊಸೆಯಂಥವಳು,
ಚಂದನ