ಕಬ್ಬಿನ ಕ್ಯಾಂಪಿನ ಕೂಸುಗಳಿಗೆ ಐದು ನಿಮಿಷ

ಜನವರಿ ೧೧, ಶನಿವಾರ

“ಸಭೆಗೆ ನನ್ನ ವಂದನೆಗಳು. ನಮ್ಮನ್ನು ಕೈಹಿಡಿದು ಇಲ್ಲಿಯವರೆಗೆ ಕರೆತಂದ ಹಿರಿಯರೆಲ್ಲರಿಗೂ ಕೃತಜ್ಞತೆಗಳು…” — ಇಂಪನಾ ಇಂದು ಮತ್ತೆ ಮೊದಲಿನಿಂದ ಹೇಳಿದಳು. ಮರಾಠಿಯಲ್ಲಿ. ‘ಚ’ ಮಾತ್ರ ಇನ್ನೂ ಮಂಡ್ಯದ್ದೇ.

ಶನಿವಾರ ಸಂಜೆ ಪುಣೆಯ ಕನ್ನಡ ಸಂಘದ ಕೆಳಗಿನ ಕೋಣೆ ನಮ್ಮದು. ಅವಳಿಗೆ ವಾರವಿಡೀ ಹಿಂಜವಡಿಯಲ್ಲಿ ಐಟಿ ಕೆಲಸ, ವಾರಾಂತ್ಯವೆಲ್ಲ ನಮಗೆ. ಮುಂದಿನ ತಿಂಗಳು ಮುಂಬೈಯಲ್ಲಿ ಶಾಸಕರ ಸಮಿತಿಯೊಂದು ಮಹಿಳೆ ಮತ್ತು ಮಕ್ಕಳ ವಿಷಯದಲ್ಲಿ ಅಹವಾಲು ಕೇಳಲಿದೆ. ನಮ್ಮದು ಒಂದೇ ಬೇಡಿಕೆ: ಕಬ್ಬು ಕಡಿಯುವವರ ಕ್ಯಾಂಪುಗಳಲ್ಲಿ ಸರ್ಕಾರದ ಹಣದಿಂದ ಶಿಶುಪಾಲನಾ ಕೇಂದ್ರ ನಡೆಯಬೇಕು, ಅದು ನಸುಕಿನಲ್ಲೇ ತೆರೆಯಬೇಕು, ಅಲ್ಲೇ ತಾಯಂದಿರ ಆರೋಗ್ಯ ತಪಾಸಣೆಯೂ ಆಗಬೇಕು. ಮಾತಾಡುವವಳು ಇಂಪನಾ. ನಾನು ಹಿಂದಿನ ಸಾಲಿನಲ್ಲಿ ಕೂರುವೆ. ಇನ್ನು ಈ ಹುಡುಗರ ಕಾಲ.

ಪ್ರಣವ ನಕ್ಕ. ಬೆಳಗಾವಿಯ ಮನೆತನ, ಹುಟ್ಟಿದ್ದು ಪುಣೆಯಲ್ಲಿ, ಓದುತ್ತಿರುವುದು ಲಾ. “ಬಾಯಾರ, ಆಭಾರ ಮನ್ನಿಸೂದ್ರಾಗ ಸಮಿತಿಯವರು ಊಟಕ್ಕ ಏಳ್ತಾರ ನೋಡ್ರಿ.”

ಗದರಿಸಿದೆ. ಹಿರಿಯರೆದುರು ನಿಂತವರು ನೇರವಾಗಿ ವಿಷಯಕ್ಕೆ ಕೈಹಾಕುವುದು ಸಭ್ಯತೆಯಲ್ಲ. ಮೊದಲು ವಂದನೆ, ಆಮೇಲೆ ಹೆಸರು ಹಿಡಿದು ಕೃತಜ್ಞತೆ, ಕೊನೆಗೆ ಮಾತು. ಧಾರವಾಡದಲ್ಲಿ ನಾವು ಕಲಿತದ್ದು ಹಾಗೆ.

ಜನವರಿ ೧೯, ಭಾನುವಾರ

ದೌಂಡದಿಂದ ಈಗಷ್ಟೇ ಮರಳಿದೆ. ಇಂಪನಾಳನ್ನೂ ಕರೆದುಕೊಂಡು ಹೋಗಿದ್ದೆ. ನೋಡದೆ ಮಾತಾಡಬಾರದು.

ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ಭಾಮಾಳ ತಗಡಿನ ಶೆಡ್ಡು. ಸೊಲ್ಲಾಪುರದ ಹುಡುಗಿ, ನನ್ನ ಬಳಿ ತರಬೇತಿ ಪಡೆದವಳು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಸಂಭಾಳಿಸುತ್ತಾಳೆ, ಜೊತೆಗೊಬ್ಬ ಅಜ್ಜಿ ಅಷ್ಟೇ. ಒಂದು ಟ್ರಸ್ಟಿನ ನೆರವಿನಿಂದ ನಡೆಯುತ್ತಿದೆ. ಈ ಹಂಗಾಮಿಗೆ ಅದು ಮುಗಿಯುತ್ತದೆ.

ಅಂಬಾಬಾಯಿ ಸಿಕ್ಕಳು. ಇಂಡಿ ಕಡೆಯವಳು. ಗಂಡ ಜಟ್ಟೆಪ್ಪ, ಎಂಟು ತಿಂಗಳ ಗಂಡುಕೂಸು, ಹಿರಿಯವಳು ಧನುಶ್ರೀ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಇಯತ್ತೆ.

“ಶೆಡ್ ಬಂದ್ ಆದ್ರ ಏನ್ ಮಾಡ್ತೀರಿ?” ಕೇಳಿದೆ.

“ಏನ್ ಮಾಡೂದ್ರಿ ಬಾಯಾರ. ಕೂಸಿನ ಕೂಡ ಈಕಿ ಕುಂಡ್ರತಾಳ.” ಧನುಶ್ರೀಯ ಜಡೆ ಹಿಡಿದು ಹೇಳಿದಳು. “ಸಾಲಿ ಬಿಡಸೂದ. ಮತ್ತೇನ ಅದರಿ?”

“ನೀವೇ ಕೂಸಿನ ಜೊತೆ ಇದ್ಬಿಟ್ರೆ, ಅಕ್ಕಾ?” ಇಂಪನಾ.

ಜಟ್ಟೆಪ್ಪ ನಕ್ಕ. “ಆಕಿ ಕುಂತ್ರ ನನ್ನೂ ಕುಂಡ್ರಸ್ತಾರಿ ತಂಗಿ. ಇಲ್ಲಿ ಜೋಡಿನ ಬೇಕ್ರಿ. ಒಂಟಿ ಎತ್ತ ಯಾರ್ ತಗೊಂತಾರ?”

“ನನಗ ಎತ್ತ ಅಂತಾನ ನೋಡ್ರಿ ಇಂವಾ,” ಅಂಬಾಬಾಯಿ ಗಂಡನ ಬೆನ್ನಿಗೆ ಒಂದು ಹಾಕಿದಳು.

ಕಬ್ಬು ಕಡಿಯಲು ಗುತ್ತಿಗೆದಾರ ಗಂಡ-ಹೆಂಡಿರ ಜೋಡಿಯನ್ನೇ ಗೊತ್ತು ಮಾಡುತ್ತಾನೆ. ಒಬ್ಬರು ತಪ್ಪಿದರೆ ಇಬ್ಬರಿಗೂ ಕೆಲಸವಿಲ್ಲ. ಹೆತ್ತ ಹೆಣ್ಣಿಗೂ ಮೈಗೆ ಹುಷಾರಿಲ್ಲದವಳಿಗೂ ಬಿಡುವಿಲ್ಲದಿರುವುದು ಇದರಿಂದಲೇ.

ರೈಲಿನಲ್ಲಿ ಇಂಪನಾ ಅಂದಳು, “ಮೇಡಂ, ನಾವು ಗೆಲ್ಲಲೇಬೇಕು. ಆ ಹುಡುಗಿ ನನ್ನನ್ನ ಇಂಗ್ಲಿಷಲ್ಲಿ ಹೆಸರು ಕೇಳಿದ್ಲು.”

ಗೆಲ್ಲುತ್ತೇವೆ. ನನಗೆ ಸಂಶಯವಿಲ್ಲ.

ಫೆಬ್ರವರಿ ೧೮, ಮಂಗಳವಾರ. ಮುಂಬೈಯಿಂದ ಮರಳುತ್ತ, ರೈಲಿನಲ್ಲಿ

ಬೋಗಿ ಅಲುಗುತ್ತಿದೆ. ಆದರೂ ಬರೆಯಬೇಕು.

ಪ್ರತಿ ಸಂಸ್ಥೆಗೆ ಐದು ನಿಮಿಷ. ಬಾಗಿಲಲ್ಲಿ ಹೇಳಿದರು. ನನಗೂ ಕೇಳಿಸಿತ್ತು. ಆದರೂ ಇಂಪನಾಳ ಭಾಷಣದಿಂದ ಒಂದಕ್ಷರ ತೆಗೆಯಲಿಲ್ಲ. ಅವಳು ನಾನು ಕಲಿಸಿದಂತೆಯೇ ನಿಂತಳು, ನಾನು ಕಲಿಸಿದಂತೆಯೇ ಕೈಮುಗಿದಳು. ಅಧ್ಯಕ್ಷೆಗೆ, ಸದಸ್ಯರಿಗೆ, ಅಧಿಕಾರಿಗಳಿಗೆ, ಸಂಘದ ಹಿರಿಯರಿಗೆ, ಟ್ರಸ್ಟಿನವರಿಗೆ — ಒಬ್ಬೊಬ್ಬರನ್ನೂ ಹೆಸರು ಹಿಡಿದು. ಕೊನೆಗೆ ನನಗೆ. ನನ್ನ ಹೆಸರಿನ ನಡುವೆಯೇ ಗಂಟೆ ಬಾರಿಸಿದರು.

ಅಧ್ಯಕ್ಷೆ ನಕ್ಕು, “ಬಸ ಬಾಳಾ, ಬಸ” — ಕೂತುಕೋ ಮಗಳೇ — ಅಂದರು. ಮುಂದಿನ ಸಂಸ್ಥೆಯ ಹೆಸರು ಕರೆದರು. ಜೋಡಿಯ ಮಾತು, ನಸುಕಿನ ಮಾತು, ಧನುಶ್ರೀ — ಎಲ್ಲ ಅವಳ ಕೈಯಲ್ಲಿದ್ದ ಕಾಗದದಲ್ಲೇ ಉಳಿಯಿತು.

ಹೊರಗೆ ಬಂದು ಹೇಳಿದೆ, “ತಪ್ಪು ನನ್ನದು. ನಿನ್ನದಲ್ಲ.”

“ಮೇಡಂ, ಅದೆಲ್ಲ ಆಮೇಲೆ,” ಅಂದಳು. “ಅವ್ರು ಟೀಗೆ ಬರ್ತಾರಲ್ಲ, ಆಗ ಹಿಡೀತೀನಿ.”

ಹಿಡಿದೇಬಿಟ್ಟಳು. ಚಹಾದ ಕಪ್ಪು ಹಿಡಿದು ಬಂದ ಅಧ್ಯಕ್ಷೆಯ ಎದುರು ಅಡ್ಡ ನಿಂತು, ಅರ್ಧ ಮರಾಠಿ, ಅರ್ಧ ಹಿಂದಿ. ವಂದನೆ ಇಲ್ಲ, ಏನೂ ಇಲ್ಲ. “ಕ್ಯಾಂಪಿನ ತಾಯಿ ಕೆಲಸಕ್ಕೆ ಹೋಗುವುದು ಕತ್ತಲೆಯಲ್ಲಿ. ಸರ್ಕಾರದ ಅಂಗನವಾಡಿ ತೆರೆಯುವುದು ಒಂಬತ್ತಕ್ಕೆ. ಅವಳು ಮನೆಯಲ್ಲಿ ಉಳಿದರೆ ಗಂಡನ ಕೆಲಸವೂ ಹೋಗುತ್ತದೆ. ಅದಕ್ಕೆ ಏಳು ವರ್ಷದ ಹುಡುಗಿ ಶಾಲೆ ಬಿಡುತ್ತಾಳೆ. ನೀವು ಬಂದು ನೋಡಿ.”

“ಯಾವಾಗ ಬರಲಿ?”

“ಬೆಳಕು ಹರಿಯುವ ಮೊದಲು.”

ಜೊತೆಗೆ ಬಂದಿದ್ದ ಪ್ರಣವ ಗಾಬರಿಯಿಂದ ಗೋಡೆ ಕಡೆ ತಿರುಗಿ ನಿಂತ. ಅಧ್ಯಕ್ಷೆ ಅವಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ತಮ್ಮ ಸಹಾಯಕನಿಗೆ ಹೇಳಿದರು: “ಮುಂದಿನ ವಾರ ದೌಂಡ. ಬರೆದುಕೊ.”

ಲೋಣಾವಳಾ ದಾಟಿತು. ಇಂಪನಾ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಾಳೆ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಈ ಸಂತೋಷ ಹೊಸದು.

ಫೆಬ್ರವರಿ ೨೭, ಗುರುವಾರ

ಅಧ್ಯಕ್ಷೆ ಬಂದರು. ಶಾಲು ಹೊದ್ದು, ಟಾರ್ಚು ಹಿಡಿದು. ಜೊತೆಗೆ ಮಹಿಳೆ-ಮಕ್ಕಳ ಇಲಾಖೆಯ ಒಬ್ಬ ಅಧಿಕಾರಿ.

ಅಂಬಾಬಾಯಿ ಕೂಸಿಗೆ ಹಾಲು ಕುಡಿಸಿ ಭಾಮಾಳ ಕೈಗೆ ಕೊಟ್ಟು ಟ್ರ್ಯಾಕ್ಟರ್ ಹತ್ತಿದ್ದನ್ನು ನೋಡಿದರು. ಹಿಂದೆಯೇ ಇನ್ನಷ್ಟು ತಾಯಂದಿರು. ಧನುಶ್ರೀ ಚಾಪೆಯ ಮೇಲೆ ಇನ್ನೂ ಮಲಗಿದ್ದಳು, ತಲೆಯ ಕೆಳಗೆ ಪುಸ್ತಕ ತುಂಬಿದ ದಫ್ತರ.

ಅಧಿಕಾರಿ ಹೇಳಿದರು, ನಿಯಮದಲ್ಲಿ ಈ ಸಮಯಕ್ಕೆ ಅವಕಾಶವಿಲ್ಲವೆಂದು. ಹಂಗಾಮಿ ಕೇಂದ್ರಕ್ಕಂತೂ ಇಲ್ಲವೇ ಇಲ್ಲವೆಂದು.

“ಸರ್, ನಿಯಮ ಬರೆಯೋವ್ರು ಇಲ್ಲೇ ನಿಂತಿದಾರಲ್ಲ,” ಇಂಪನಾ ಅಧ್ಯಕ್ಷೆಯ ಕಡೆ ನೋಡಿ ಅಂದಳು.

ಅಧ್ಯಕ್ಷೆ ಏನೂ ಭರವಸೆ ಕೊಡಲಿಲ್ಲ. ಭಾಮಾಳ ಕೈಯಿಂದ ಒಂದು ಕೂಸನ್ನು ಎತ್ತಿಕೊಂಡರು, ಬೆಳಕು ಹರಿಯುವ ತನಕ ಕೆಳಗಿಳಿಸಲಿಲ್ಲ. ನನಗೆ ಅಷ್ಟು ಸಾಕು.

ಜೂನ್ ೧೨, ಗುರುವಾರ

ಸರ್ಕಾರದ ಸುತ್ತೋಲೆ ಬಂತು: ಕ್ಯಾಂಪುಗಳಲ್ಲಿ ಶಿಶುಪಾಲನಾ ಕೇಂದ್ರಕ್ಕೆ ಮಂಜೂರಿ. ದೌಂಡ, ಬಾರಾಮತಿ ತಾಲೂಕುಗಳಿಗೆ ಮಾತ್ರ. ಪ್ರಾಯೋಗಿಕ, ಒಂದು ಹಂಗಾಮಿಗೆ. ಸಮಯ: ಸ್ಥಳೀಯ ಕೆಲಸಕ್ಕೆ ಹೊಂದಿಕೊಂಡು. ತಿಂಗಳಿಗೊಮ್ಮೆ ನರ್ಸಿನ ಭೇಟಿ.

ಪ್ರಣವನಿಗೆ ಬೇಸರ. “ಬರೇ ಎರಡ ತಾಲೂಕಾ, ಬಾಯಾರ? ನಾವು ಇಡೀ ರಾಜ್ಯ ಕೇಳಿದ್ವಿ.”

“ಕೇಳೂದು ಬಿಡಬ್ಯಾಡ. ಈ ಎರಡು ಚಂದಾಗಿ ನಡಸಿ ತೋರ್ಸು. ಉಳಿದದ್ದು ಅದ ಕೇಳತದ,” ಅಂದೆ. ಇಂಪನಾ ಭಾಮಾಳಿಗೆ ಫೋನ್ ಮಾಡಿದಳು. ಹಂಗಾಮು ಮುಗಿಸಿ ಊರಿಗೆ ಹೋದವರಿಗಾಗಿ ಭಾಮಾ ಇಂಡಿಗೆ ಮಾಡಿದಳು. ಜಟ್ಟೆಪ್ಪ ಹೇಳಿದನಂತೆ: “ಹುಡುಗಿ ಮೂರನೇ ಇಯತ್ತೆ ಪುಸ್ತಕ ತಗೊಂಡ ಬರ್ತೀವಿ ಅಂತ ಹೇಳ್ರಿ.”

ನವೆಂಬರ್ ೪, ಮಂಗಳವಾರ. ನಸುಕು, ದೌಂಡದ ಕ್ಯಾಂಪು

ಹೊಸ ಶೆಡ್ಡು. ಮೊದಲ ದಿನ. ಮಂಜಿನಲ್ಲಿ ಟ್ರ್ಯಾಕ್ಟರುಗಳ ದೀಪ. ಇಂಪನಾ ರಜೆ ಹಾಕಿ ಬಂದು ತೊಟ್ಟಿಲಿನ ಹಗ್ಗ ಕಟ್ಟುತ್ತಿದ್ದಾಳೆ. ಗಂಟು ಸರಿಯಿಲ್ಲವೆಂದು ಜಟ್ಟೆಪ್ಪ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾನೆ. ಧನುಶ್ರೀ ಮೂಲೆಯಲ್ಲಿ ಕೂತು ಪಾಠ ಓದುತ್ತಿದ್ದಾಳೆ, ಗಟ್ಟಿಯಾಗಿ, ಮರಾಠಿಯಲ್ಲಿ. ತಾಯಂದಿರು ಸಾಲಾಗಿ ಬರುತ್ತಿದ್ದಾರೆ — ನಾವು ಎಣಿಸಿದ್ದಕ್ಕಿಂತ ಹೆಚ್ಚು. ಇನ್ನೊಬ್ಬ ಆಯಾ ಬೇಕಾಗುತ್ತದೆ. ನಾಳೆಯೇ ಇಲಾಖೆಗೆ ಬರೆಯಬೇಕು, ಬಾರಾಮತಿಯಲ್ಲಿ ಏನಾಯಿತೆಂದು ಪ್ರಣವನನ್ನು ವಿಚಾರಿಸಬೇಕು, ಮತ್ತೆ —

ಭಾಮಾ ಕೂಗುತ್ತಿದ್ದಾಳೆ: “ಬಾಯಾರ, ಬರಿಯೂದು ಆಮ್ಯಾಲ ಬರೀರಿ. ಮೊದಲ ಈ ಕೂಸು ಹಿಡೀರಿ. ಬರ್ರಿ, ಕೆಲಸ ಚಾಲೂ ಮಾಡೂಣು.”

ಹಿಡಿದಿದ್ದೇನೆ. ಒಂದೇ ಕೈಯಲ್ಲಿ ಬರೆಯುತ್ತ…