ಬೋರ್ಡಿನ ಮೇಲಿನ ಜ್ವರ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ಜ್ವರವೆಂದು ಇಂಗ್ಲಿಷಿನಲ್ಲಿ ರಜೆ ಅರ್ಜಿ ಕೊಟ್ಟ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಓಡಾಡುತ್ತಿದ್ದಳೆಂದು ಅವಳನ್ನು ಮೂರು ದಿನದಿಂದ ಹೊರಗೆ ನಿಲ್ಲಿಸಿದ್ದೀರಿ. ತಪ್ಪು ನನ್ನದು. ಹನ್ನೊಂದು ವರ್ಷಗಳಿಂದ ಒಂದೇ ಮಾದರಿ ಅರ್ಜಿಯನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೇನೆ. ಅದರಲ್ಲಿರುವ ಕಾರಣ ಜ್ವರವೊಂದೇ. ಅವಳ ಅರ್ಜಿಯಲ್ಲಿ ಒಂದು ತಪ್ಪೂ ಇಲ್ಲವೆಂದು ನಾನೇ ಶಭಾಷ್ ಅಂದಿದ್ದೆ.

ನಿನ್ನೆ ಅವಳನ್ನೇ ಕೇಳಿದೆ. "ಅಮ್ಮ ಮನೆ ಬಿಟ್ಟು ಹೋದ್ರು ಮಿಸ್, ಹುಡುಕೋಕೆ ಹೋಗಿದ್ದೆ. ಅದನ್ನ ಹೇಗೆ ಬರೀಬೇಕು ಅಂತ ನೀವು ಹೇಳ್ಕೊಟ್ಟಿಲ್ವಲ್ಲ" ಅಂದಳು.

ದಯವಿಟ್ಟು ಅವಳನ್ನು ಒಳಗೆ ಕೂರಿಸಿ.

ನನಗೂ ನಾಳೆ ಒಂದು ದಿನ ರಜೆ ಬೇಕು. ಕೈ ರೂಢಿಯಂತೆ ಜ್ವರವೆಂದೇ ಬರೆದಿತ್ತು, ಹೊಡೆದುಹಾಕಿದ್ದೇನೆ, ಕ್ಷಮಿಸಿ. ಸಾಕಾಗಿದೆ, ಅಷ್ಟೆ.

ಇಂತಿ,
ಇಂಗ್ಲಿಷ್ ಟೀಚರ್