ಕರೆಯದೆ ಬಂದ ಗಿರಾಕಿ

ಸೈಕಲ್ ಅಂಗಡಿಯ ಮೇಲಿನ ಮನೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಪ್ರೆಸ್ಸಿನಲ್ಲಿ ಯಂತ್ರದ ಪಕ್ಕ ನಿಂತುಕೊಂಡೇ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತೀಯಾ? ಶಾಯಿಯ ವಾಸನೆಗೆ ನಿನ್ನ ಹಳೆಯ ಕೆಮ್ಮು ತಿರುಗಿ ಬಂದಿರಬಹುದೇ ಎಂದು ನನಗೆ ಒಂದೇ ಯೋಚನೆ. ಎಂಟು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದೇ ಕಾರ್ಡು, ಅದರಲ್ಲೂ ಪ್ರೆಸ್ಸಿನ ಹೆಸರು, ಕೋಣೆಯ ಜೊತೆಗಾರನ ಹೆಸರು ಇದ್ದ ವಿಳಾಸ ಬಿಟ್ಟರೆ ಬೇರೇನೂ ಇರಲಿಲ್ಲ. ಇರಲಿ, ನಿನ್ನನ್ನು ಬೈಯುವ ಹಕ್ಕು ನನಗಿಲ್ಲ. ವಿಳಾಸವನ್ನಾದರೂ ಬರೆದೆಯಲ್ಲ, ಅಷ್ಟೇ ಸಾಕು.

ನಾವು ಚೆನ್ನಾಗಿದ್ದೇವೆ. ಎರಡು ಕೋಣೆ, ಒಂದು ಕಿಟಕಿ, ಕೆಳಗೆ ಬೆಳಗಿನಿಂದ ಸಂಜೆಯವರೆಗೂ ಗಾಳಿ ಹೊಡೆಯುವ ಪಂಪಿನ ಉಸ್ಸು ಉಸ್ಸು. ನಿಮ್ಮಪ್ಪ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೇ ಕೆಳಗೆ ಯಾರದೋ ಟ್ಯೂಬು ಢಂ ಎನ್ನುತ್ತದೆ. ಅವರು ಕಣ್ಣು ತೆರೆಯದೆ ಒಂದು ಸಾಲು ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡುತ್ತಾರೆ. ಈಗ ಅವರು ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿ ದಿನಗೂಲಿಯ ಬಡಗಿ. ಸ್ವಂತ ಶೆಡ್ಡು ಇದ್ದವರು ಇನ್ನೊಬ್ಬರ ಉಳಿ ಹಿಡಿಯಬೇಕಾಯಿತಲ್ಲ ಎಂದು ನಾನು ಸಂಕಟಪಟ್ಟರೆ ಅವರು ನಗುತ್ತಾರೆ. ಮರ ಕೊಯ್ಯುವ ಯಂತ್ರಕ್ಕೆಂದು ಮಾಡಿದ ಸಾಲ, ಅದನ್ನು ತೀರಿಸಲು ಮಾಡಿದ ಇನ್ನೊಂದು ಸಾಲ, ಮನೆ ಮಾರಿದ ದುಡ್ಡಿನಲ್ಲಿ ಎಲ್ಲವೂ ಮುಗಿದಿದೆ. "ಸಾಲ ಇರೋನ ಪ್ರಾರ್ಥನೆ ಅರ್ಧ ದಾರೀಲೇ ಸುಸ್ತಾಗಿ ಕೂತ್ಕೊಳ್ಳುತ್ತೆ" ಎನ್ನುತ್ತಿದ್ದರಲ್ಲ, ಈಗ ಅವರದು ನೇರವಾಗಿ ತಲುಪುತ್ತಿದೆಯಂತೆ. ತಲೆ ದಿಂಬಿಗೆ ಸೋಕಿದರೆ ಸಾಕು, ಗೊರಕೆ. ನಿದ್ದೆ ಬಾರದಿರುವುದು ನನಗೆ.

ಯಾಕೆಂದು ಹೇಳಲಿಕ್ಕೇ ಈ ಕಾಗದ. ಮೂರು ಸಲ ಬರೆದು ಹರಿದಿದ್ದೇನೆ. ಮನೆ ಮಾರುವುದೋ ಬೇಡವೋ ಎಂದು ತೀರ್ಮಾನವಾಗದೆ ನಿಮ್ಮಪ್ಪ ದೇವರ ಮುಂದೆ ಷರತ್ತು ಇಟ್ಟಿದ್ದು ನೆನಪಿದೆಯಲ್ಲ? ಏಳು ದಿನ ನಾವು ಯಾರ ಹತ್ತಿರವೂ ಬಾಯಿ ಬಿಡಬಾರದು; ಅಷ್ಟರೊಳಗೆ ಯಾರಾದರೂ ತಾವಾಗಿಯೇ ಬಾಗಿಲಿಗೆ ಬಂದು ಮನೆ ಕೇಳಿದರೆ ಮಾರುವುದು, ಬರದಿದ್ದರೆ ಸಾಲದ ಜೊತೆಗೇ ಅಲ್ಲೇ ಸಾಯುವುದು. ಊರಿಗೆ ದಿನಕ್ಕೆರಡು ಬಸ್ಸು, ನಮ್ಮದು ಕೊನೆಯ ಮನೆ. ದಾರಿ ತಪ್ಪಿದ ದನ ಬಿಟ್ಟರೆ ತಾನಾಗಿಯೇ ಯಾರು ಬರುತ್ತಾರೆ? ಆದರೂ ನಾಲ್ಕು ದಿನ ನಾನೂ ಮನಸ್ಸಿಟ್ಟು ಪ್ರಾರ್ಥಿಸಿದೆ. ಐದನೆಯ ದಿನ ಕಾಜಾ ಹಾಕಿದ ಅಂಗಿಗಳನ್ನು ಕೊಡಲು ದರ್ಜಿಯ ಅಂಗಡಿಗೆ ಹೋದಾಗ, ಅವನ ಭಾವ, ರಿಟೈರಾದ ಬಸ್ ಡ್ರೈವರು, ಜೇನು ಸಾಕಲು ಹಳ್ಳಿಯಲ್ಲಿ ಮನೆ ಹುಡುಕುತ್ತಿರುವುದು ಕಿವಿಗೆ ಬಿತ್ತು. ಬಡ್ಡಿಯವನು ಬಂದಾಗಲೆಲ್ಲ ನಿಮ್ಮಪ್ಪ ಶೆಡ್ಡಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆ ಸತ್ಯವಂತರ ಪರವಾಗಿ ಬಾಗಿಲಲ್ಲಿ ನಿಂತು "ಅವರಿಲ್ಲ" ಎಂದು ಹೇಳಿ ಹೇಳಿ ನನ್ನ ನಾಲಿಗೆಗೆ ಸುಳ್ಳು ಅಭ್ಯಾಸವಾಗಿತ್ತು. ಏಳನೆಯ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬನ್ನಿ, ದಾರಿಹೋಕರ ಹಾಗೆ ನೀರು ಕೇಳಿ, ನನ್ನ ಹೆಸರು ಎತ್ತಬೇಡಿ ಎಂದು ಡ್ರೈವರಿಗೆ ಹೇಳಿಕೊಟ್ಟೆ. ಗೇಟಿನ ಚಿಲಕವನ್ನು ಮೊದಲು ಎತ್ತಿ ಆಮೇಲೆ ಎಡಕ್ಕೆ ತಳ್ಳಬೇಕು ಎಂದೂ ಹೇಳಿಕೊಟ್ಟೆ.

ಎಡವಿದ್ದು ಅಲ್ಲೇ. ಹೊಸಬರು ಯಾರೇ ಬಂದರೂ ಆ ಗೇಟಿನ ಜೊತೆ ಗುದ್ದಾಡಿ, ಕೊನೆಗೆ ಸೋತು ನಮ್ಮನ್ನೇ ಕೂಗುತ್ತಿದ್ದರು. ಆ ಮನುಷ್ಯ ತನ್ನದೇ ಮನೆಯೇನೋ ಎಂಬಂತೆ ತೆಗೆದುಕೊಂಡು ಒಳಗೆ ಬಂದ. ಬಾಯಾರಿಕೆ ಎಂದು ಕೇಳಿದ ನೀರನ್ನು ಮುಟ್ಟದೆ ನೇರವಾಗಿ ಮನೆಯ ಬೆಲೆ ಕೇಳಿದ. ನಿಮ್ಮಪ್ಪ ಮೊಣಕಾಲೂರಿ ಅತ್ತುಬಿಟ್ಟರು. ಅವನು ಹೋದ ಮೇಲೆ ನೀನು ಕೇಳಿದ್ದು ಇಷ್ಟೇ: "ಅಪ್ಪಾ, ಚಿಲಕ ಹೇಗೆ ತೆಗೀಬೇಕು ಅಂತಾನೂ ದೇವರೇ ಹೇಳ್ಕೊಟ್ರಾ? ಇವನನ್ನ ಯಾರೋ ಕಳ್ಸಿದಾರೆ." ಅವರ ಮುಖ ಕಪ್ಪಿಟ್ಟಿತು. "ದೇವರ ಮಾತಿಗೇ ಅಡ್ಡ ಮಾತಾಡೋನಿಗೆ ಈ ಮನೇಲಿ ಜಾಗ ಇಲ್ಲ, ಮುಂದೆ ಹೋಗೋ ಮನೇಲೂ ಇಲ್ಲ" ಎಂದರು. ನೀನು ನನ್ನ ಕಡೆ ನೋಡಿದೆ. ನಾನು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಾ ನಿಂತಿದ್ದೆ. ನೀನು ಹೇಳಿದ್ದು ನಿಜ, ಮಗಾ. ಕಳಿಸಿದವಳು ನಾನು. ನಿಜ ಹೇಳಿದ ನೀನು ಚೀಲ ಹೆಗಲಿಗೇರಿಸಿಕೊಂಡು ಹೋಗುವುದನ್ನು ನೋಡುತ್ತಾ ನಿಂತವಳೂ ನಾನೇ. ಹೆತ್ತವಳು ಮಾಡುವ ಕೆಲಸವಲ್ಲ ಅದು.

ಅಲ್ಲಿಗಾದರೂ ಮುಗಿಯಿತೇ? ಇಲ್ಲಿನ ಪ್ರಾರ್ಥನಾ ಸಭೆಯಲ್ಲಿ ನಿಮ್ಮಪ್ಪ ಪ್ರತಿ ಭಾನುವಾರ ಎದ್ದು ನಿಂತು ಈ ಕಥೆ ಹೇಳುತ್ತಾರೆ, ಪ್ರತಿ ಭಾನುವಾರ ಅದು ಒಂದು ಗೇಣು ಬೆಳೆಯುತ್ತದೆ. ಹೋದ ತಿಂಗಳಿನಿಂದ ಆ ಚಿಲಕ ತಾನಾಗಿಯೇ ತೆರೆದುಕೊಳ್ಳತೊಡಗಿದೆ. ಅವರು ಸುಳ್ಳು ಹೇಳುತ್ತಿಲ್ಲ, ಪುಟ್ಟೂ, ಅವರಿಗೆ ಹಾಗೆಯೇ ನೆನಪು. ಹೆಂಗಸರು ಕಣ್ಣೊರೆಸಿಕೊಂಡು "ನೀವು ಪುಣ್ಯವಂತರು ಕಣ್ರೀ" ಎಂದು ನನ್ನ ಕೈ ಹಿಡಿಯುತ್ತಾರೆ. ಯಾರಾದರೂ ಸುಮ್ಮನೆ ನನ್ನ ಕಡೆ ತಿರುಗಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಗುತ್ತದೆ. ಮೊನ್ನೆ ಭಾನುವಾರ ಗಾರೆ ಕೆಲಸದವನೂ ಅವನ ಹೆಂಡತಿಯೂ ಕೂಸನ್ನು ಎತ್ತಿಕೊಂಡು ಬಂದಿದ್ದರು. ಅವರೂ ಸಾಲಕ್ಕೆ ಸಿಕ್ಕವರು. ಬರುವ ಸೋಮವಾರದಿಂದ ತಾವೂ ಯಾರಿಗೂ ಬಾಯಿ ಬಿಡದೆ ಏಳು ದಿನ ಕಾಯುತ್ತಾರಂತೆ. ನಿಮ್ಮಪ್ಪ ಅವರ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವರ ಬಾಗಿಲಿಗೆ ಯಾರು ಬರುತ್ತಾರೆ? ನಾನು ಎಷ್ಟು ಮನೆಗೆಂದು ಡ್ರೈವರನ್ನು ಕಳಿಸಲಿ?

ನಿನ್ನ ಹೆಸರನ್ನು ಅವರು ನನ್ನ ಮುಂದೆ ಎತ್ತುವುದಿಲ್ಲ. ಆದರೆ ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ದನಿ ತಗ್ಗಿಸಿ "ಅವನು ತಾನಾಗೇ ಬರೋ ಹಾಗೆ ಮಾಡು" ಎನ್ನುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ಎಂಟು ತಿಂಗಳಿಂದ ಒಂದು ದಿನವೂ ತಪ್ಪಿಸಿಲ್ಲ.

ಕೆಮ್ಮಿಗೆ ಬಿಸಿನೀರು ಕುಡಿ. ನಿನ್ನ ಕೋಣೆಯ ಜೊತೆಗಾರನಿಗೆ ನಾನು ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಕಾಪಾಡಲಿ. ಹೀಗೆ ಬರೆಯಲು ಈಗ ನನಗೆ ಸಂಕೋಚ, ಆದರೂ ಬರೆಯದೆ ಇರಲಾರೆ.

ನಿನ್ನ
ಅಮ್ಮ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಉಪ್ಪು ತಿಂದವಳು ನೀರು ಕುಡಿಯಲೇಬೇಕು. ಈ ಭಾನುವಾರ ಬೆಳಗ್ಗೆ, ಸಭೆಗೆ ಹೊರಡುವ ಮೊದಲು, ನಿಮ್ಮಪ್ಪನಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಬೈಯಲಿ, ಮಾತು ಬಿಡಲಿ, ತಡೆದುಕೊಳ್ಳುತ್ತೇನೆ. ಆದರೆ ಆಮೇಲೆ ಅವರು ಗೋಡೆ ನೋಡುತ್ತಾ ಒಬ್ಬರೇ ಕೂತುಬಿಡುತ್ತಾರೆ, ನನ್ನನ್ನು ಹತ್ತಿರ ಸೇರಿಸುವುದಿಲ್ಲ. ನನಗೆ ಅದೇ ಭಯ. ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಬಾ. "ನಾನು ಅವತ್ತೇ ಹೇಳಿರಲಿಲ್ವಾ" ಎನ್ನಲು ಬರಬೇಡ, ಅವರ ಪಕ್ಕದಲ್ಲಿ ಕೂರಲು ಬಾ. ನಿನ್ನನ್ನು ಕಂಡೊಡನೆ ದೇವರೇ ಕಳಿಸಿದ ಎಂದು ಅವರು ಮೊಣಕಾಲೂರಲು ಹೊರಡುತ್ತಾರೆ. ಕೈ ಹಿಡಿದು ನಿಲ್ಲಿಸು. ಅಮ್ಮ ಕಾಗದ ಬರೆದಿದ್ದಳು, ಅದಕ್ಕೆ ಬಂದೆ ಎಂದು ಹೇಳು.